ಭಾನುವಾರದ ಹರಿಗೋಲು

ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ಮದ್ದೂರಿನವರಿಗೆ ಶಿಂಷಾ ಹೊಳೆ ಹಾಗೆ. ಮೈಸೂರಿಗೆ ಹೋಗಿ ಟಿಕೆಟ್ಟು ಕೊಂಡು ಕೆರೆಯಲ್ಲಿ ಅರ್ಧ ಗಂಟೆ ದೋಣಿ ಸುತ್ತಿ ಬಂದು ಆರು ತಿಂಗಳು ಅದನ್ನೇ ಹೇಳುತ್ತಾರೆ. ಊರ ಪಕ್ಕದ ಹೊಳೆಯ ಮೇಲೆ ಒಂದು ದಿನ ಕೂತು ಹೋಗಿ ಬರೋಣ ಅಂದರೆ ಮಾತ್ರ "ಅಲ್ಲೇನಿದೆ ಮಣ್ಣು, ಎಮ್ಮೆ ಮೈ ತೊಳೀತಾರೆ" ಅನ್ನುತ್ತಾರೆ. ಇಂಥವರನ್ನು ಕಟ್ಟಿಕೊಂಡು ನಾನು, ನಾಲೆ ಆಫೀಸಿನ ಗುಮಾಸ್ತ ಕಸ್ತೂರಿರಂಗ, ಎಪ್ಪತ್ತನಾಲ್ಕನೇ ಇಸವಿ ಜನವರಿಯಲ್ಲಿ ಹೊಳೆ ಪ್ರವಾಸ ಹೊರಡಿಸಲು ನಿಂತೆ. ನನ್ನ ಬುದ್ಧಿಗೆ ಏನು ಹೇಳಲಿ!

ಯೋಜನೆಯೇನೋ ಸರಳವಾಗಿತ್ತು. ಭಾನುವಾರ ಬೆಳಿಗ್ಗೆ ಏಳೂವರೆಗೆ ಮದ್ದೂರಿನ ಕೆಳಗೆ ಹರಿಗೋಲು ಹತ್ತುವುದು, ನೀರಿನ ಜೊತೆ ಇಳಿಯುವುದು, ಮಧ್ಯಾಹ್ನ ದಡದ ಹೊಂಗೆ ತೋಪಿನಲ್ಲಿ ಊಟ, ಮೂರು ಗಂಟೆಗೆ ಕೊಕ್ಕರೆ ಬೆಳ್ಳೂರಿನ ಹತ್ತಿರ ದಡ ಮುಟ್ಟುವುದು. ಊರೊಳಗಿನ ಹುಣಸೆ ಮರಗಳ ಮೇಲೆ ಕೊಕ್ಕರೆ, ಹೆಜ್ಜಾರ್ಲೆಗಳ ಗೂಡು ನೋಡಿಕೊಂಡು ಸಂಜೆ ಬಸ್ಸಿಗೆ ವಾಪಸು. ಹರಿಗೋಲು ನೀರಿಗೆದುರಾಗಿ ಅಷ್ಟು ದೂರ ಬರುವುದಿಲ್ಲ. ಅಂಬಿಗ ಅದನ್ನು ಬೆನ್ನ ಮೇಲೆ ಕವುಚಿಕೊಂಡು ದಡದ ದಾರಿಯಲ್ಲಿ ನಡೆದು ಬರುತ್ತಾನೆ. ಇದನ್ನೆಲ್ಲ ಆಫೀಸಿನ ಟ್ರೇಸಿಂಗ್ ಹಾಳೆಯ ಮೇಲೆ ಎರಡು ಬಣ್ಣದ ಪೆನ್ಸಿಲ್ಲಿನಲ್ಲಿ ಬರೆದಿದ್ದೆ. ಎಲ್ಲಿ ಬಂಡೆ, ಎಲ್ಲಿ ಮಡು, ಎಲ್ಲಿ ಹೆಂಗಸರು ಇಳಿದು ನಾಲ್ಕು ಹೆಜ್ಜೆ ನಡೆಯಬೇಕು, ಎಲ್ಲವೂ ಇತ್ತು.

"ನಮ್ಮ ಮದುವೆಗೆ ಇದರ ಕಾಲು ಭಾಗ ಓಡಾಡಿದ್ದರೆ ಛತ್ರದಲ್ಲಿ ಎಲೆ ಸಾಲುತ್ತಿತ್ತು" ಅಂದಳು ನನ್ನ ಹೆಂಡತಿ ಕನಕಲಕ್ಷ್ಮಿ, ಹಾಳೆ ನೋಡಿ.

ಅಂಬಿಗ ಬೋರಯ್ಯ. ಹೊಳೆಯಂಚಿನ ಊರಿನವನು, ನಲವತ್ತು ದಾಟಿದ ಆಳು. ಅವನ ಅಪ್ಪ, ಅವನು, ಇಬ್ಬರೂ ಅದೇ ಕಡವಿನಲ್ಲಿ ಜನರನ್ನು ದಾಟಿಸಿದವರು. ಆ ಕಡವಿಗೆ ಸೇತುವೆ ಬಂದು ಎರಡು ವರ್ಷವಾಗಿತ್ತು. ಸೇತುವೆ ಇರುವಾಗ ಹರಿಗೋಲು ಯಾರಿಗೆ ಬೇಕು? ಸಂಕ್ರಾಂತಿಯ ಮಾರನೆಯ ದಿನ ಅವನೊಬ್ಬನ ಜೊತೆ ನಾನು ಬೆಳ್ಳೂರಿನವರೆಗೆ ಹೋಗಿ ನೋಡಿದೆ. ನೀರು ತುಂಬಿ ಹರಿಯುತ್ತಿತ್ತು. ಕೈಗಡಿಯಾರ ನೋಡಿಕೊಂಡು ಒಂದೊಂದು ತಿರುವಿಗೂ ಹೊತ್ತು ಬರೆದುಕೊಳ್ಳುತ್ತಿದ್ದವನು ಅರ್ಧ ದಾರಿಯಲ್ಲಿ ಬರೆಯುವುದನ್ನೇ ಬಿಟ್ಟೆ. ತಲೆಯ ಮೇಲೆ ಕೊಕ್ಕರೆಗಳು ಕಡ್ಡಿ ಕಚ್ಚಿಕೊಂಡು ಹೋಗುತ್ತಿದ್ದವು. ಬೋರಯ್ಯ ಹುಟ್ಟು ಹಾಕುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಆಫೀಸಿಗೆ ಸೇರಿದ ಒಂಬತ್ತು ವರ್ಷದಲ್ಲಿ ಅಷ್ಟು ಸುಖವಾದ ದಿನ ನನಗೆ ಸಿಕ್ಕಿರಲಿಲ್ಲ.

ದಡ ಮುಟ್ಟಿದ ಮೇಲೆ ಬೋರಯ್ಯ ಹರಿಗೋಲನ್ನು ಮರಳಿನ ಮೇಲೆ ಎಳೆದು ಹಾಕಿ ಕೇಳಿದ:

"ನಿಮ್ಮೋರು ದಿಟವಾಗ್ಲೂ ಬತ್ತಾರಾ ಬುದ್ಧಿ?"

"ನೋಡೋಣ ಬೋರಯ್ಯ, ಹೇಳಿದ್ದೀನಿ, ಬರಬಹುದು."

"ಅಡ್ಡಗೋಡೆ ಮ್ಯಾಲೆ ದೀಪ ಮಡುಗ್ದಂಗೆ ಏಳ್ಬ್ಯಾಡಿ. ಮಂಡ್ಯದಲ್ಲಿ ಅಕ್ಕಿ ಮಿಲ್ಲಲ್ಲಿ ಕಾವ್ಲು ಕೆಲ್ಸ ಅದೆ ಅಂದವ್ರೆ. ಸಿವರಾತ್ರಿಗಂಟ ಜಾಗ ಮಡಿಗಿರ್ತಾರಂತೆ. ವಾರಕ್ಕೊಂದಪ ಜನ ಬತ್ತಾರೆ ಅನ್ನಂಗಿದ್ರೆ ನಾನು ಒಳೇಲೇ ಇರ್ತೀನಿ. ಇಲ್ಲ ಅಂದ್ರೆ ಮಿಲ್ಲಿಗೆ ಓಯ್ತೀನಿ. ಒಂದು ಮಾತು ಏಳ್ಬುಡಿ."

ಆ ಹೊಳೆಯ ಗುಂಗಿನಲ್ಲಿದ್ದ ನಾನು ಹೇಳಿಯೇಬಿಟ್ಟೆ: "ಮಿಲ್ಲಿಗೆ ಹೋಗಬೇಡ. ಮೊದಲು ನಮ್ಮ ಆಫೀಸು ಬರುತ್ತೆ, ಅದನ್ನು ನೋಡಿ ಸ್ಕೂಲಿನವರು, ಬ್ಯಾಂಕಿನವರು ಬರುತ್ತಾರೆ. ನಂದು ಗ್ಯಾರಂಟಿ."

ಅವನು ನಕ್ಕು ಹರಿಗೋಲನ್ನು ಬೆನ್ನಿಗೇರಿಸಿದ. ಶಿವರಾತ್ರಿಗೆ ಇನ್ನೂ ಐದು ವಾರವಿತ್ತು. ಒಂದು ಭಾನುವಾರ ಸಾಕಾಗಿತ್ತು ನನಗೆ, ಒಂದೇ ಒಂದು.

ಹೊರಡುವವರು ಆರು ಜನ. ನಾನು, ಕನಕ, ನಮ್ಮ ಹೆಡ್ ಗುಮಾಸ್ತ ವೆಂಕಟೇಶಮೂರ್ತಿಗಳು, ಅವರ ಮನೆಯಾಕೆ ಪಂಕಜಮ್ಮ, ನಾಲೆಯ ತೂಬುಗಳನ್ನು ನೋಡಿಕೊಳ್ಳುವ ವರ್ಕ್ ಇನ್ಸ್‌ಪೆಕ್ಟರ್ ಪುಟ್ಟರಾಜು, ಅವನ ಹೆಂಡತಿ. ಪುಟ್ಟರಾಜು ಮಂಡ್ಯದ ಹತ್ತಿರದ ಹೊಳಲಿನ ಒಕ್ಕಲು ಮನೆಯವನು, ಯಾವುದಕ್ಕೂ ಇಲ್ಲ ಅನ್ನುವವನಲ್ಲ. ಮೂರ್ತಿಗಳದ್ದೇ ಪೀಕಲಾಟ. ಅವರನ್ನು ಬಿಟ್ಟು ಹೋಗೋಣ ಅಂದರೆ ವರ್ಷವಿಡೀ ನಮ್ಮ ರಜಾ ಅರ್ಜಿಗಳು ಅವರ ಮೇಜಿನ ಮೇಲೆ ಮೊಟ್ಟೆಯಿಡುತ್ತಾ ಕೂರುತ್ತವೆ.

ಮೊದಲು ಗೊತ್ತು ಮಾಡಿದ ಭಾನುವಾರಕ್ಕೆ ಮೂರು ದಿನ ಇದೆ ಅನ್ನುವಾಗ ಪಂಕಜಮ್ಮ ನಮ್ಮ ಮನೆಗೆ ಬಂದರು. ಅಕ್ಕಿ ಎಷ್ಟು, ಹುಣಸೆಹಣ್ಣು ಎಷ್ಟು ಅಂತ ಮಾತಾಗುತ್ತಿತ್ತು. ಪುಳಿಯೋಗರೆ ಅವರ ಪಾಲು, ಮೊಸರನ್ನ ನಮ್ಮದು.

"ಅಲ್ಲಾ ಕಸ್ತೂರಿ, ಆ ಹರಿಗೋಲಿಗೆ ತಳದಲ್ಲಿ ಏನು ಹೊದಿಸಿರ್ತಾರೆ?" ಅಂತ ಸಹಜವಾಗಿ ಕೇಳಿದರು.

"ಚರ್ಮ" ಅಂದೆ ನಾನೂ ಅಷ್ಟೇ ಸಹಜವಾಗಿ, ಪೆದ್ದನ ಹಾಗೆ. "ಎಮ್ಮೆ ಚರ್ಮ. ಅದಕ್ಕೇ ಒಂದು ತೊಟ್ಟು ನೀರೂ ಒಳಗೆ ಬರಲ್ಲ."

"ಪೆರುಮಾಳೇ!" ಪಂಕಜಮ್ಮ ಎದ್ದೇ ನಿಂತರು. "ಮಡಿಯಲ್ಲಿ ಮಾಡಿದ ಪುಳಿಯೋಗರೆ ತಗೊಂಡುಹೋಗಿ ಎಮ್ಮೆ ಚರ್ಮದ ಮೇಲೆ ಇಡೋದಾ? ನಾನು ಅದರ ಮೇಲೆ ಕೂರೋದಾ? ಕರ್ಮ ಕರ್ಮ!"

"ದೇವಸ್ಥಾನದಲ್ಲಿ ಬಾರಿಸೋ ಮೃದಂಗ ಯಾವ ಚರ್ಮದ್ದಂತೆ ಮಾಮಿ?" ಅಂದಳು ಕನಕ ಒಳಗಿನಿಂದ.

"ಮೃದಂಗದೊಳಗೆ ನಾವು ಕೂತ್ಕೋತೀವೇನೇ?" ಅಂದರು ಅವರು.

ಮೂರ್ತಿಗಳು ಮಾರನೆಯ ದಿನ ಆಫೀಸಿನಲ್ಲಿ ತೀರ್ಪು ಕೊಟ್ಟರು. ಚರ್ಮ ತೆಗೆಸಿದರೆ ಬರುತ್ತೇವೆ. ಯಾರೋ ಕಾವೇರಿ ಕಡೆ ಗೊಬ್ಬರದ ಪ್ಲಾಸ್ಟಿಕ್ ಚೀಲ ಹೊದಿಸಿ ಟಾರು ಬಳಿದ ಹರಿಗೋಲು ನೋಡಿದ್ದಾರಂತೆ. ನಾನು ಸೈಕಲ್ ತುಳಿದುಕೊಂಡು ಬೋರಯ್ಯನ ಊರಿಗೆ ಹೋದೆ. ಹೇಳಲು ನಾಚಿಕೆಯಾಯಿತು, ಆದರೂ ಹೇಳಿದೆ.

ಬೋರಯ್ಯ ಹರಿಗೋಲಿನ ಅಂಚು ಸವರುತ್ತಾ ಕೂತಿದ್ದ. ಅವನ ಹೆಂಡತಿ ಇಂದ್ರಮ್ಮನೇ ಮಾತಾಡಿದ್ದು.

"ಇದು ನಮ್ಮ ಮಾವನ ಕಾಲ್ದಲ್ಲಿ ಒದ್ಸಿದ್ದು ಕನ ಸ್ವಾಮಿ. ಕಿತ್ತ್ರೆ ಮತ್ತೆ ಆಕಕ್ಕಾಗಕಿಲ್ಲ, ಒಣಗಿ ಅಪ್ಪಳ ಆಯ್ತದೆ. ನಿಮ್ಮೋರು ಒಂದಿನ ಕೂರಕ್ಕೆ ಇದನ್ನ ಕೀಳ್ಬೇಕಾ?"

"ಒಂದಿನ ಅಲ್ಲಮ್ಮ, ವಾರ ವಾರ" ಅಂದೆ.

"ಬುಡಮ್ಮಿ" ಅಂದ ಬೋರಯ್ಯ. "ವಾರ ವಾರ ಬರೋರು ಕೇಳ್ತಾವ್ರೆ. ಕೀಳಣ."

ಚೀಲಗಳನ್ನು ಪುಟ್ಟರಾಜು ತಂದುಕೊಟ್ಟ. ರಸ್ತೆ ಕೆಲಸದವರ ಹತ್ತಿರ ಕಾಡಿ ಬೇಡಿ ಒಂದು ಡಬ್ಬ ಟಾರು ನಾನು ತಂದೆ. ಹೊಲಿದು, ಬಳಿದು, ಒಣಗಿಸುವಷ್ಟರಲ್ಲಿ ಜನವರಿ ಮುಗಿಯಿತು. ಹರಿಗೋಲು ಕಪ್ಪಗೆ ಹೊಸದಾಗಿ ನಿಂತಿತು. ಅದರ ಪಕ್ಕದಲ್ಲೇ ಬೇಲಿಯ ಮೇಲೆ ಹಳೆಯ ಚರ್ಮ ಸುರುಟಿಕೊಂಡು ಬಿದ್ದಿತ್ತು. ನನಗೆ ಅತ್ತ ನೋಡಲಾಗಲಿಲ್ಲ.

ಮುಂದಿನ ಭಾನುವಾರ ಅಂದೆ. ಮೂರ್ತಿಗಳು ಪಂಚಾಂಗ ತೆರೆದರು. ಏಕಾದಶಿ.

"ಏಕಾದಶಿ ದಿನ ಪುಳಿಯೋಗರೆ ಕಟ್ಟಿಕೊಂಡು ಹೋಗಿ ನೋಡ್ತಾ ಕೂರೋಕಾಗುತ್ತೇನಯ್ಯ?" ಅಂದರು.

ಅದರ ಮುಂದಿನ ಭಾನುವಾರ ಅಂದೆ. ಏಕಾದಶಿ ಇಲ್ಲ, ಅಮಾವಾಸ್ಯೆ ಇಲ್ಲ, ರಾಹುಕಾಲ ಸಂಜೆಗೆ, ಆಗ ನಾವು ಬಸ್ಸಿನಲ್ಲಿರುತ್ತೇವೆ. ಎಲ್ಲ ಸರಿಹೋಯಿತು ಅನ್ನುವಾಗ ಶುಕ್ರವಾರ ಮಳವಳ್ಳಿಯಿಂದ ತಂತಿ ಬಂತು. ಮೂರ್ತಿಗಳ ದಾಯಾದಿಯೊಬ್ಬರು ತೀರಿಕೊಂಡಿದ್ದರು. ಎಂಬತ್ತೆಂಟು ವರ್ಷದ ಮುದುಕರು. ಇಪ್ಪತ್ತು ವರ್ಷದಿಂದ ಜಮೀನಿನ ವ್ಯಾಜ್ಯದಲ್ಲಿ ಇವರಿಗೂ ಅವರಿಗೂ ಮಾತಿಲ್ಲ. ಆದರೆ ಸೂತಕಕ್ಕೆ ವ್ಯಾಜ್ಯ ಗೊತ್ತಾಗುವುದಿಲ್ಲವಲ್ಲ! ಹತ್ತು ದಿನ. ಎರಡು ಭಾನುವಾರ ಹೊಳೆಯ ಪಾಲಾಯಿತು ಅನ್ನಲೂ ಆಗದು, ಹೊಳೆಯ ಹತ್ತಿರವೇ ಯಾರೂ ಹೋಗಲಿಲ್ಲ.

"ನಾವು ನಾಲ್ಕು ಜನ ಹೋಗಿ ಬರೋಣ ನಡೀರಿ" ಅಂದಳು ಕನಕ. "ಪುಟ್ಟರಾಜು, ಅವರ ಹೆಂಡತಿ, ನೀವು, ನಾನು. ಆ ಬೋರಯ್ಯನಿಗೆ ಒಂದು ಸಲ ಜನ ಬಂದರು ಅಂತಾದರೂ ಆಗಲಿ."

ಅವಳು ಹೇಳಿದ್ದು ನ್ಯಾಯವಾಗಿತ್ತು. ನಾನು ಕೇಳಲಿಲ್ಲ. ಹೆಡ್ ಗುಮಾಸ್ತರನ್ನು ಬಿಟ್ಟುಹೋಗುವ ಧೈರ್ಯ ನನಗಿರಲಿಲ್ಲ. ಬಾಯಲ್ಲಿ ಬೈಯುವುದಕ್ಕೆ ನಾನು ಶೂರ, ಆಫೀಸಿನಲ್ಲಿ ಅವರು "ಕಸ್ತೂರೀ" ಅಂದರೆ ಎದ್ದು ನಿಲ್ಲುತ್ತೇನೆ. ಹುಚ್ಚು ಬಿಡೋವರೆಗೂ ಮದುವೆ ಆಗಲ್ಲ, ಮದುವೆ ಆಗೋವರೆಗೂ ಹುಚ್ಚು ಬಿಡಲ್ಲ ಅನ್ನುವ ಹಾಗೆ ನನ್ನ ಗತಿಯಾಯಿತು.

ಶಿವರಾತ್ರಿಯ ಹಿಂದಿನ ದಿನ ಬೋರಯ್ಯ ಮನೆಗೇ ಬಂದ. ಜಗಲಿಯ ಕೆಳಗೆ ನಿಂತು, ಟವೆಲ್ಲು ಕೈಯಲ್ಲಿ ಹಿಡಿದುಕೊಂಡು,

"ನಾಳೀಕೆ ಅಬ್ಬ ಬುದ್ಧಿ. ಮಿಲ್ಲಿನೋರು ಆಳು ಕಳ್ಸಿದ್ರು. ಇವತ್ತು ಬಂದ್ರೆ ಬಾ, ಇಲ್ಲದಿದ್ರೆ ಬ್ಯಾರೆಯೋರ್ನ ಆಕ್ಕೊತೀವಿ ಅಂದವ್ರೆ. ಏನ್ಮಾಡ್ಲಿ?" ಅಂದ.

ಅದನ್ನು ಹೇಗೆ ಕೇಳಿದ ಅಂದರೆ, ಬೇಸರವಿಲ್ಲ, ತಗಾದೆಯಿಲ್ಲ. ಡಾಕ್ಟರನ್ನು ಕೇಳುವ ಹಾಗೆ ಕೇಳಿದ. ಸೂತಕ ಕಳೆದಿತ್ತು. ಬರುವ ಭಾನುವಾರ ಅಮಾವಾಸ್ಯೆ ದಾಟಿ ಬಿದಿಗೆ. ಮೂರ್ತಿಗಳು ಪಂಚಾಂಗ ನೋಡಿ "ದಿವ್ಯವಾಗಿದೆ" ಅಂದಿದ್ದರು. ಪಂಕಜಮ್ಮ ಗೊಜ್ಜು ಕಾಯಿಸಿ ಇಟ್ಟಿದ್ದರು.

"ಈ ಭಾನುವಾರ ಬಂದೇ ಬರುತ್ತೀವಿ. ಮಿಲ್ಲು ಬಿಡು" ಅಂದೆ.

"ಅಂಗಾರೆ ಬುಡಿ" ಅಂದು ಹೋದ.

ಈಗ ಒಂದು ವಿಷಯ ಹೇಳಬೇಕು. ಹೇಳುವಾಗ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ. ಅದೇ ವಾರ, ರಿಪೇರಿಗಾಗಿ ಶಿವರಾತ್ರಿಯ ಮಾರನೆಯ ದಿನದಿಂದ ನಾಲೆಯ ನೀರು ನಿಲ್ಲಿಸುವ ಸುತ್ತೋಲೆ ನಮ್ಮ ಆಫೀಸಿನಿಂದ ಹೊರಟಿತು. ಅದನ್ನು ಟೈಪು ಮಾಡಿದವನು ನಾನು. ಕಾರ್ಬನ್ ಇಟ್ಟು ಮೂರು ಸಲ ಹೊಡೆದೆ, ಬೆರಳು ನೋಯುತ್ತದೆ ಅಂತ ಬೈದುಕೊಂಡೆ. ತಪ್ಪು ತಿದ್ದಿ ಮೇಲಿನವರ ಸಹಿಗೆ ಇಟ್ಟವರು ಮೂರ್ತಿಗಳು. ಗುರುವಾರ ಬೆಳಿಗ್ಗೆ ನಿಂತು ತೂಬು ಇಳಿಸಿದವನು ಪುಟ್ಟರಾಜು. ಆ ಬೇಸಗೆಯಲ್ಲಿ ಹೊಳೆಯಲ್ಲಿ ಹರಿಯುತ್ತಿದ್ದದ್ದು ನಾಲೆಯಿಂದ ಗದ್ದೆಗೆ, ಗದ್ದೆಯಿಂದ ಹಳ್ಳಕ್ಕೆ ಬಸಿದು ಬಂದ ನೀರೇ ಅನ್ನುವುದು ನಮ್ಮ ಮೂವರಿಗೂ ಗೊತ್ತು. ಬಾಯಿಪಾಠ ಬರುವಷ್ಟು ಗೊತ್ತು. ಆದರೂ ಒಬ್ಬರ ತಲೆಗಾದರೂ ಹೊಳೆಯಬೇಕಲ್ಲ! ನಾಲೆ ಅಂದರೆ ನಮಗೆ ಫೈಲು, ಹೊಳೆ ಅಂದರೆ ಭಾನುವಾರ. ಒಂದಕ್ಕೊಂದು ಸಂಬಂಧವಿದೆ ಅಂತ ಯಾರಿಗೂ ಅನ್ನಿಸಲಿಲ್ಲ.

ಭಾನುವಾರ ಏಳೂವರೆಗೆ ಸರಿಯಾಗಿ ಎರಡು ಜಟಕಾದಲ್ಲಿ ಕಡವಿಗೆ ಹೋದೆವು. ಬೋರಯ್ಯ ತಲೆಗೆ ಹೊಸ ರುಮಾಲು ಸುತ್ತಿದ್ದ. ಇಂದ್ರಮ್ಮ ಹರಿಗೋಲಿಗೆ ಅರಿಶಿನ ಕುಂಕುಮ ಇಟ್ಟಿದ್ದಳು. ಹರಿಗೋಲು ಮರಳಿನ ಮೇಲಿತ್ತು. ಅದರ ಮುಂದೆ ಮರಳು, ಆಚೆ ಮರಳು, ನಡುವೆ ಒಂದು ಮೊಳ ಅಗಲದ ನೀರು ಬಂಡೆಗಳ ಸಂದಿಯಲ್ಲಿ ದಾರಿ ಹುಡುಕಿಕೊಂಡು ಹೋಗುತ್ತಿತ್ತು. ಒಂದು ಗುಂಡಿಯಲ್ಲಿ ಮೂರು ಎಮ್ಮೆ ಮಲಗಿದ್ದವು.

ಪುಟ್ಟರಾಜು ಮೊದಲು ಹಣೆ ಬಡಿದುಕೊಂಡ.

"ಅಯ್ಯಯ್ಯೋ, ಗುರುವಾರ ನಾನೇ ಕಣ್ ಸಾರ್ ತೂಬು ಆಕ್ಸಿದ್ದು!"

"ಅಂದಹಾಗೆ ಆ ಸುತ್ತೋಲೆ..." ಅಂದರು ಮೂರ್ತಿಗಳು, ನನ್ನ ಕಡೆ ನೋಡುತ್ತಾ. ನಾನು ಅವರ ಕಡೆ ನೋಡಿದೆ.

ಆಮೇಲೆ ನಡೆದದ್ದು ನನಗೆ ಇವತ್ತಿಗೂ ಮೈ ಉರಿಸುತ್ತದೆ. ಮೂರ್ತಿಗಳು ನಕ್ಕರು. ಪುಟ್ಟರಾಜು ನಕ್ಕ. ಪಂಕಜಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು. ಮರಳಿನ ಮೇಲೆ ಜಮಖಾನ ಹಾಸಿದರು. ಪುಳಿಯೋಗರೆ ಬಿಚ್ಚಿದರು. "ದಿನ ಒಳ್ಳೇದಿತ್ತು ನೋಡು ಕಸ್ತೂರಿ, ಯಾರೂ ಮುಳುಗಲಿಲ್ಲ" ಅಂದರು ಮೂರ್ತಿಗಳು. ಮುಂದಿನ ವರ್ಷ ನೀರಿದ್ದಾಗ ಬರೋಣ ಅಂತಲೂ ಅಂದರು. ಹತ್ತು ಗಂಟೆಗೆಲ್ಲ ತಿಂದು, ಕೈ ತೊಳೆದು, ಜಟಕಾ ಹತ್ತಿ ಹೋದರು. ಕನಕ ಒಂದು ತುತ್ತೂ ತಿನ್ನಲಿಲ್ಲ. ತನ್ನ ಪಾಲಿನ ಎಲೆಯನ್ನು ಇಂದ್ರಮ್ಮನ ಕೈಗೆ ಕೊಟ್ಟು, ನನ್ನ ಕಡೆ ತಿರುಗಿಯೂ ನೋಡದೆ ಗಾಡಿ ಹತ್ತಿದಳು.

ನಾನು ಬೋರಯ್ಯನ ಎದುರು ನಿಂತೆ. ಸಿಟ್ಟು ನೆತ್ತಿಗೇರಿತ್ತು. ಯಾರ ಮೇಲೆ ಅಂತ ತಿಳಿಯದೆ ಅವನ ಮೇಲೇ ಹಾರಿದೆ.

"ನಾಲೆ ನಿಲ್ಲಿಸ್ತಾರೆ ಅಂತ ನಿನಗೆ ಗೊತ್ತಿರಲಿಲ್ಲವೇನಯ್ಯ?"

"ಗೊತ್ತಿಲ್ದೆ ಏನು ಬುದ್ಧಿ. ಊರಲ್ಲಿ ತಮ್ಟೆ ಒಡೆದು ಸಾರಿದ್ರಲ್ಲ."

"ಮತ್ತೆ ಬಾಯಲ್ಲಿ ಏನಿಟ್ಟುಕೊಂಡಿದ್ದೆ? ಮೂರು ದಿನದಿಂದ ಹೊಳೆ ಇಳೀತಿರೋದು ಕಾಣಲಿಲ್ಲವಾ? ಒಂದು ಮಾತು ಬಂದು ಹೇಳೋದಕ್ಕೇನಾಗಿತ್ತು?"

ಬೋರಯ್ಯ ನನ್ನ ಮುಖ ನೋಡಿದ. ನಾನು ಯಾಕೆ ಇಂಥ ಪ್ರಶ್ನೆ ಕೇಳುತ್ತಿದ್ದೇನೆ ಅಂತ ಅವನಿಗೆ ಅರ್ಥವಾದಂತೆ ಕಾಣಲಿಲ್ಲ.

"ಇವ್ಳೂ ಅಂಗೇ ಅಂದ್ಲು. ನಾನೇ ಅಂದೆ, ಅಯ್ನೋರು ನಾಲೆ ಆಪೀಸ್ನೋರು ಕಣಮ್ಮಿ, ನೀರು ನಿಲ್ಸೋರೂ ಅವ್ರೇ, ಬುಡೋರೂ ಅವ್ರೇ. ಬತ್ತೀವಿ ಅಂತ ಮಾತು ಕೊಟ್ಟವ್ರೆ ಅಂದ್ಮೇಲೆ ಭಾನ್ವಾರಕ್ಕೆ ಒಂದಪ ಬುಟ್ಟೇ ಬುಡ್ತಾರೆ, ಅಂತ. ಬೆಳಗ್ಗೆ ಕೋಳಿ ಕೂಗೋಕ್ ಮುಂಚೇನೆ ಬಂದು ಕಾಯ್ತಾ ಕುಂತಿದ್ದೆ, ಈಗ ಬತ್ತದೆ, ಈಗ ಬತ್ತದೆ ಅಂತ."

ನಾನು ಮರಳಿನ ಕಡೆ ತಿರುಗಿದೆ.

"ಒಳೆ ದಾಟುದ್ ಮ್ಯಾಲೆ ಅಂಬಿಗನ ಗೊಡವೆ ಯಾಕೆ ಅಂತಾರೆ" ಅಂದಳು ಇಂದ್ರಮ್ಮ. "ನೀವು ದಾಟೋಕ್ ಮುಂಚೇನೇ ಬುಟ್ಬುಟ್ರಿ ಸ್ವಾಮಿ."

"ಸುಮ್ಕಿರಮ್ಮಿ" ಅಂದ ಬೋರಯ್ಯ.

ಸೋಮವಾರ ರಜೆ ಹಾಕಿ ಅವನನ್ನು ಕರೆದುಕೊಂಡು ಮಂಡ್ಯಕ್ಕೆ ಹೋದೆ. ಮಿಲ್ಲಿನ ಬಾಗಿಲಲ್ಲಿ ಸ್ಟೂಲಿನ ಮೇಲೆ ಬೇರೆ ಯಾರೋ ಕೂತಿದ್ದ. ಹಬ್ಬದ ದಿನವೇ ಸೇರಿಕೊಂಡನಂತೆ. ಒಳಗೆ ಲೆಕ್ಕ ಬರೆಯುವ ರೈಟರ ಹತ್ತಿರ ಗೋಗರೆದೆ. "ಐದು ವಾರ ಕಾದೆವಲ್ಲ ಸ್ವಾಮಿ, ಇನ್ನೆಷ್ಟು ಕಾಯೋದು?" ಅಂದರು ಅವರು. ತಪ್ಪೇನೂ ಇರಲಿಲ್ಲ ಅವರ ಮಾತಿನಲ್ಲಿ. ವಾಪಸು ಬರುವಾಗ ಬಸ್ಸಿನಲ್ಲಿ ಬೋರಯ್ಯ ಕಿಟಕಿಯ ಹೊರಗೆ ಕಬ್ಬಿನ ಗದ್ದೆ ನೋಡುತ್ತಾ ಕೂತಿದ್ದ.

ಬುಧವಾರ ಆಫೀಸಿನಲ್ಲಿ ನನ್ನ ಕಿಟಕಿಯ ಮುಂದೆ ಎಂದಿನಂತೆ ರೈತರು ಸಾಲು ನಿಂತಿದ್ದರು. ನೀರು ನಿಲ್ಲಿಸಿದ ದಿನಗಳಲ್ಲಿ ಎಲ್ಲರದ್ದೂ ಒಂದೇ ಪ್ರಶ್ನೆ. ನಾಲ್ಕನೆಯವನಾಗಿ ಬೋರಯ್ಯ ನಿಂತಿದ್ದ. ಸಾಲು ಬಿಟ್ಟು ಮುಂದೆ ಬರಲಿಲ್ಲ. ತನ್ನ ಸರದಿ ಬರುವವರೆಗೆ ನಿಂತಿದ್ದ.

"ಬುದ್ಧಿ, ಮತ್ತೆ ನೀರು ಯಾವತ್ತು ಬುಡ್ತೀರಾ? ದಿನ ಏಳಿ. ಟಾರು ಬಿರುಕು ಬುಡ್ತಾ ಅದೆ, ಅಷ್ಟ್ರಲ್ಲಿ ಇನ್ನೊಂದಪ ಬಳ್ಕೊತೀನಿ. ನೀವು ಏಳುದ್ರೆ ಸಾಕು, ಕಾಯ್ತೀನಿ."

ಇನ್ನೂ ಕಾಯುತ್ತೇನೆ ಅನ್ನುತ್ತಿದ್ದಾನೆ! ಚರ್ಮ ಹೋಯಿತು, ಮಿಲ್ಲು ಹೋಯಿತು, ಆದರೂ ಇವನ ನಂಬಿಕೆ ಹೋಗಲಿಲ್ಲವಲ್ಲ. ನನಗೆ ಕಿಟಕಿಯ ಸರಳು ಕಿತ್ತು ಎಸೆಯಬೇಕು ಅನ್ನಿಸಿತು.

"ಕಾಯಬೇಡ ಬೋರಯ್ಯ" ಅಂದೆ. "ನೀರು ಬಿಡೋದು, ನಿಲ್ಲಿಸೋದು ನನ್ನ ಕೈಲಿಲ್ಲ ಕಣಯ್ಯ. ನಾನು ಬರೀ ಟೈಪು ಮಾಡೋನು. ನಮ್ಮ ಜನಾನೂ ಬರಲ್ಲ, ಸ್ಕೂಲಿನವರೂ ಬರಲ್ಲ. ನನ್ನ ಮಾತು ನಂಬಬೇಡ."

ಅಷ್ಟು ದಿನದಲ್ಲಿ ನಾನು ಅವನಿಗೆ ಹೇಳಿದ ನಿಜ ಅದೊಂದೇ. ಹೇಳಿದ ಮೇಲೆ ಹಗುರಾಗುತ್ತೇನೆ ಅಂದುಕೊಂಡಿದ್ದೆ.

ಬೋರಯ್ಯನ ಮುಖ ಅಲ್ಲೇ ಬಾಡಿತು. ಒಣಗಿದ ಹೊಳೆಯ ಮುಂದೆ ನಿಂತಾಗಲೂ, ಮಿಲ್ಲಿನ ಬಾಗಿಲಲ್ಲೂ ಅವನ ಮುಖ ಹಾಗಾಗಿರಲಿಲ್ಲ.

"ಕೈಲಿಲ್ವಾ?" ಅಂದ. ಕಿಟಕಿಯ ಸರಳು ಹಿಡಿದುಕೊಂಡ. "ಇದನ್ನ ಅವತ್ತೇ ಏಳ್ಬುಟ್ಟಿದ್ರೆ ಆಯ್ತಿತ್ತಲ್ಲ ಬುದ್ಧಿ."

ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟ. ಊರಿನ ದಾರಿ ಹಿಡಿಯದೆ ಮಂಡ್ಯದ ಬಸ್ಸು ನಿಲ್ಲುವ ಸ್ಟ್ಯಾಂಡಿನ ಕಡೆ ತಿರುಗಿದ. ಅವನ ಹಿಂದಿದ್ದ ಮುದುಕ ಸರಳಿನೊಳಗೆ ಮುಖ ತಂದು, ನೀರು ಯಾವತ್ತು ಬಿಡುತ್ತೀರಿ ಸ್ವಾಮಿ ಅಂತ ಕೇಳಿದ. ಮೇಲಿನಿಂದ ಆರ್ಡರು ಬರಬೇಕು ಅಂದೆ.